ಹೆಸರು ಹಿಡಿದು ಕರೆಯುವವರು

ಅವರ ಕೈಗೆ ಯಾವ ವಾಸನೆಯೂ ಇರಲಿಲ್ಲ. ಈರುಳ್ಳಿಯದಿಲ್ಲ, ಸೋಪಿನದಿಲ್ಲ, ಹೂವಿನದಂತೂ ಇಲ್ಲವೇ ಇಲ್ಲ. ಉಗುರನ್ನು ಬೆರಳ ತುದಿಯ ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಹಣೆಗೆ ಕುಂಕುಮ, ಕಣ್ಣಿಗೆ ಕಾಡಿಗೆ, ಕೈಗೆ ಬಳೆ ಒಂದೂ ಇಲ್ಲ. ತಿರುವನಂತಪುರದಲ್ಲಿ ಅವರು ಕೆಲಸಕ್ಕಿದ್ದ ಕೇಂದ್ರ ಸರ್ಕಾರದ ಪ್ರಯೋಗಾಲಯದೊಳಗೆ ಧೂಳಿನ ಒಂದು ಕಣವೂ ಹೋಗಬಾರದು. ಕುಂಕುಮವೂ ಅಲ್ಲಿ ಧೂಳು, ಮಲ್ಲಿಗೆಯ ಪರಾಗವೂ ಧೂಳು. ಒಳಗೆ ಹೋಗುವ ಮೊದಲು ಒಂದು ಗೂಡಿನಲ್ಲಿ ಕೈಗಳನ್ನು ಸ್ವಲ್ಪ ಎತ್ತಿ ನಿಲ್ಲಬೇಕು. ಗಾಳಿ ಬಂದು ಮೈಯ ಧೂಳನ್ನೆಲ್ಲ ಊದಿಬಿಡುತ್ತದೆ. ಆ ಅಭ್ಯಾಸ ಅವರನ್ನು ಬಿಡಲಿಲ್ಲ. ನಮ್ಮ ಮನೆಗೆ ಬಂದರೂ ಹೊಸ್ತಿಲಲ್ಲಿ ಒಂದು ಕ್ಷಣ ಹಾಗೆ ಕೈಯೆತ್ತಿ ನಿಂತು ಆಮೇಲೆ ಒಳಗೆ ಬರುತ್ತಿದ್ದರು.

ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ತಿರುವನಂತಪುರಕ್ಕೆ ಹೋದಾಗ ನನಗೆ ಸಿಕ್ಕ ಬಾಡಿಗೆ ಮನೆಯ ಮಹಡಿಯಲ್ಲಿ ಅವರು ತಾಯಿಯೊಂದಿಗೆ ಇದ್ದರು. ಅವರದೂ ಮೈಸೂರು ಕಡೆಯೇ. ನನಗಿಂತ ನಾಲ್ಕು ವರ್ಷ ಹಿರಿಯರು. ಮೊದಲ ದಿನವೇ ‘ಅಕ್ಕ’ ಎಂದೆ, ಅದೇ ಉಳಿಯಿತು. ನಾನು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಓದಿದವಳು. ಹೊತ್ತಿಗೆ ಸರಿಯಾಗಿ ಏಳುವವರನ್ನು ಬೇಗ ನಂಬುತ್ತೇನೆ. ಬೆಳಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಮೇಲೆ ಅವರು ತಾಯಿಯ ಹಾಸಿಗೆ ಕೊಡವುವ ಸದ್ದು ಕೇಳುತ್ತಿತ್ತು. ತಾಯಿ ಎದ್ದು ಓಡಾಡುತ್ತಿರಲಿಲ್ಲ. ಮಗಳನ್ನು ಕೊನೆಯವರೆಗೂ ‘ಪುಟ್ಟೀ’ ಎಂದೇ ಕೂಗುತ್ತಿದ್ದರು. ಕೆಲಸದಲ್ಲಿ ಅವರು ‘ಮೇಡಂ’. ಬೀದಿಯಲ್ಲಿ, ಹಾಲಿನವನಿಗೆ, ಬಸ್ಸಿನ ಕಂಡಕ್ಟರಿಗೆ ‘ಚೇಚಿ’, ಎಂದರೆ ಅಕ್ಕನೇ.

ಮದುವೆಯ ಮಾತು ಬಂದಾಗಲೆಲ್ಲ ತಾಯಿಯ ಕಾಯಿಲೆ ಅಡ್ಡ ಬಂತು. ಆಮೇಲೆ ಮಾತು ಬರುವುದೂ ನಿಂತಿತು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ‘ಕೇಳದೆ ಯಾರೂ ಕೊಡೋಲ್ಲ, ನಾನು ಕೇಳ್ಲಿಲ್ಲ’ ಎನ್ನುತ್ತಿದ್ದರು, ಅಷ್ಟೇ.

ಈ ನಡುವೆ ನನ್ನ ಗಂಡನಿಗೆ ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಕೊಚ್ಚಿಗೆ ಬಂದು ಪಾಲಾರಿವಟ್ಟಂನಲ್ಲಿ ಫ್ಲ್ಯಾಟ್ ಮಾಡಿದೆವು. ತಾಯಿ ತೀರಿಕೊಂಡು, ನಿವೃತ್ತಿಯೂ ಆದ ಮೇಲೆ ಅಕ್ಕ ಅಲ್ಲೇ ನಮ್ಮ ಎದುರು ಬಾಗಿಲಿಗೆ ಬಾಡಿಗೆಗೆ ಬಂದರು. ಬಂದ ದಿನ ಮುಡಿ ತುಂಬ ಮಲ್ಲಿಗೆ ಮುಡಿದಿದ್ದರು. ಅವರ ತಲೆಯಲ್ಲಿ ಹೂವನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು, ಪಾಸ್‌ಪೋರ್ಟ್ ಮಾಡಿಸುತ್ತೇನೆ, ಹೊರದೇಶಕ್ಕೆ ಹೋಗುತ್ತೇನೆ ಎಂದರು. ಕೆಲಸದಲ್ಲಿದ್ದಾಗ ಅದಕ್ಕೆ ಅನುಮತಿ ಬೇಕಿತ್ತು, ಅವರು ಕೇಳಿರಲಿಲ್ಲ. ಕಾಶಿಗೆ ಹೋಗುವ ವಯಸ್ಸಿನಲ್ಲಿ ಹೊರದೇಶದಲ್ಲಿ ಏನು ನೋಡುವುದಿದೆ ಎಂದೆ.

‘ನೋಡೋಕಲ್ಲ ಕಣೇ. ನನ್ನನ್ನ ಯಾರಾದ್ರೂ ನೋಡ್ತಾರಾ ಅಂತ ಹೋಗ್ತೀನಿ’ ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಲೋಟವನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು: ‘ಇಲ್ಲಿ ನಾನು ಎಲ್ಲರಿಗೂ ಚೇಚಿ. ನಿಮಗೆಲ್ಲ ಅಕ್ಕ. ಇನ್ನು ನಾಲ್ಕು ದಿನಕ್ಕೆ ಅಮ್ಮಚ್ಚಿ ಆಗ್ತೀನಿ, ಅಜ್ಜಿ. ಚೇಚೀನ ಯಾವ ಗಂಡಸು ಪ್ರೀತಿಸ್ತಾನೆ, ಹೇಳು? ಒಬ್ಬ, ಒಬ್ಬನೇ ಒಬ್ಬ, ನನ್ನ ಹೆಸರು ಹಿಡಿದು ಕರೀಬೇಕು. ಆಮೇಲೆ ಸತ್ರೂ ಪರವಾಗಿಲ್ಲ.’

ನನಗೆ ಮುಜುಗರವಾಯಿತು. ಅರವತ್ತು ದಾಟಿದ ಹೆಂಗಸು ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೆಂಕಿ ಸಣ್ಣ ಮಾಡುವ ನೆಪದಲ್ಲಿ ಒಲೆಯ ಕಡೆ ತಿರುಗಿದೆ.

ಮೊದಲ ಪ್ರವಾಸ ಸಿಂಗಪುರಕ್ಕೆ, ಇಲ್ಲಿಯದೇ ಒಂದು ಗುಂಪಿನ ಜೊತೆ. ಬಸ್ಸಿನಲ್ಲಿ ಕೂರುವ ಮೊದಲೇ ಇಡೀ ಗುಂಪಿಗೆ ಚೇಚಿಯಾದರಂತೆ. ದಂಪತಿಗಳು ಫೋಟೋ ತೆಗೆಸಿಕೊಳ್ಳುವಾಗ ಚೀಲ ಕಾಯಲು ಅವರು, ಮಕ್ಕಳಿಗೆ ವಾಂತಿಯಾದರೆ ಮಾತ್ರೆ ಕೊಡಲು ಅವರು. ‘ಚೀಲಗಳ ಜೊತೆ ನನ್ನ ಪ್ರೇಮ ಚೆನ್ನಾಗಿ ನಡೀತು’ ಎಂದು ಹೇಳಿ ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿದರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮಾರನೆಯ ವರ್ಷ ಜಾರ್ಜಿಯಾಕ್ಕೆ ಟಿಕೆಟ್ ಮಾಡಿಸಿದರು, ಒಬ್ಬರೇ. ರಾಜಧಾನಿಯಲ್ಲಿ ಡಾಕ್ಟರಿಕೆ ಓದುವ ಮಲಯಾಳಿ ಮಕ್ಕಳು ತುಂಬಿದ್ದಾರೆಂದು, ಅವರ ಕಣ್ಣಿಗೆ ಬೀಳದ ಒಂದು ಬೆಟ್ಟದ ಊರನ್ನು ಹುಡುಕಿಕೊಂಡಿದ್ದರು. ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ಗಾಜಿನ ಬಾಗಿಲ ಮುಂದೆ ಎಂದಿನಂತೆ ಕೈಗಳನ್ನು ಸ್ವಲ್ಪ ಎತ್ತಿ ನಿಂತರು. ತಪಾಸಣೆ ಇರುವುದು ಒಳಗೆ ಎಂದು ಬಾಗಿಲ ಸಿಪಾಯಿ ಹೇಳಿದ.

ವಿಮಾನ ಬದಲಿಸುವ ಶಾರ್ಜಾದವರೆಗೆ ಪಕ್ಕದಲ್ಲಿ ಕೂತಿದ್ದ ಯುವಕ ಮರ್ಯಾದೆಯಿಂದ, ‘ಅಮ್ಮೇ, ಮೋನ್ ಅವಿಡೆಯಾಣೋ?’, ಮಗ ಅಲ್ಲಿದ್ದಾನಾ, ಎಂದು ಕೇಳಿದನಂತೆ. ಗಲ್ಫಿನ ವಿಮಾನದಲ್ಲಿ ಮುದುಕಿ ಕಂಡರೆ ಮಗನ ಮನೆಗೆ ಮೊಮ್ಮಗುವನ್ನು ಆಡಿಸಲು ಹೊರಟಿದ್ದಾಳೆ ಎಂದೇ ಲೆಕ್ಕ. ಮಗನಿಲ್ಲ, ನಾನು ಗಂಡಸನ್ನು ಹುಡುಕಲು ಹೋಗುತ್ತಿದ್ದೇನೆ ಎಂದು ಇವರು ಅವನ ಮಲಯಾಳದಲ್ಲೇ ಹೇಳಿದರಂತೆ. ಇಳಿಯುವವರೆಗೂ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲವಂತೆ.

ಆ ಬೆಟ್ಟದ ಊರಲ್ಲಿ ಅವರಿಗೆ ಕೋಣೆ ಬಾಡಿಗೆಗೆ ಕೊಟ್ಟವನು ರೈಲ್ವೆಯಿಂದ ನಿವೃತ್ತನಾದ ಗಾರ್ಡ್. ಹೆಂಡತಿ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದಳು. ಹರಕು ಇಂಗ್ಲಿಷು. ಮೊದಲ ಬೆಳಗ್ಗೆ ಹೆಸರು ಕೇಳಿದ, ಇವರು ಹೇಳಿದರು, ಅವನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿದ. ಅಂದು ಸಂಜೆ ನನಗೆ ಫೋನ್ ಬಂತು.

‘ಮಾತಿಗೊಂದು ಸಲ ನನ್ನ ಹೆಸರು ಹೇಳ್ತಾನೆ ಕಣೇ. ಉಪ್ಪು ಬೇಕಾ ಅಂತ ಕೇಳೋಕೂ ಹೆಸರು’ ಎಂದರು.

ಅವರು ಮರಳಿ ಬಂದಾಗ ಬೆರಳುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹಸಿ ಅಕ್ರೋಟಿನ ಸಿಪ್ಪೆ ಸುಲಿದ ಕಲೆ. ಅವನ ಹಿತ್ತಲಲ್ಲಿ ಮರವಿತ್ತಂತೆ. ಎಷ್ಟು ತೊಳೆದರೂ ಹೋಗುವುದಿಲ್ಲ ಎಂದು ಕೈಯನ್ನು ನನ್ನ ಮೂಗಿನ ಬಳಿ ಹಿಡಿದರು. ಕಹಿಯಾದ, ಹಸಿರಾದ ವಾಸನೆ. ಬೇರೇನು ನಡೆಯಿತೆಂದು ನಾನು ಕೇಳಲಿಲ್ಲ. ಒಂದು ಸೇತುವೆಯ ಮೇಲೆ ಅವನು ಇವರ ಕೈಯ ಮೇಲೆ ಕೈಯಿಟ್ಟನೆಂದೂ ಇವರು ತೆಗೆಯಲಿಲ್ಲವೆಂದೂ ಅವರೇ ಹೇಳಿದರು. ಆಮೇಲೆ ಅವನಿಗೆ ಮೈಸೂರಿನ ಕಾಫಿಪುಡಿ ಕಳಿಸತೊಡಗಿದರು. ಇನ್ನೊಂದು ಸಲ ಹೋಗಿ ಬಂದರು. ಮೂರನೆಯ ಸಲ, ಓಣಂ ಕಳೆದ ಮೇಲೆ, ಅಲ್ಲೇ ಇರುವುದಕ್ಕೆಂದು ಹೋಗುವವರಿದ್ದರು. ಸೂಟ್‌ಕೇಸಿಗೆ ಉಣ್ಣೆ ಬಟ್ಟೆ ತುಂಬುತ್ತಿದ್ದಾಗ ಹೊಟ್ಟೆನೋವು ಶುರುವಾಯಿತು.

ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಒಟ್ಟಿಗೆ ಕೇಳಿದೆವು. ಹೊರಗೆ ಕರ್ಕಟಕ ಮಾಸದ ಮಳೆ ಬಿಡದೆ ಸುರಿಯುತ್ತಿತ್ತು. ಅವನಿಗೆ ತಿಳಿಸಿ ಎಂದೆ. ‘ಅವನ ಹೆಂಡ್ತೀನೂ ಹಿಂಗೇ ಹೋಗಿದ್ದು. ಇನ್ನೊಂದು ಸಲ ನೋಡೋದು ಬೇಡ’ ಎಂದರು. ಆಸ್ಪತ್ರೆಯ ಹಾಸಿಗೆಯಿಂದಲೇ ತಾನು ಚೆನ್ನಾಗಿದ್ದೇನೆ, ಟಿಕೆಟ್ ಸ್ವಲ್ಪ ಮುಂದಕ್ಕೆ ಹೋಗಿದೆ ಎಂದು ಅವನಿಗೆ ಬರೆಯುತ್ತಿದ್ದರು.

ನರ್ಸುಗಳು ಅವರನ್ನು ‘ಅಮ್ಮಚ್ಚಿ’ ಎಂದರು. ಒಳ್ಳೆಯ ಹುಡುಗಿಯರು, ಪ್ರೀತಿಯಿಂದಲೇ ಅಂದದ್ದು. ಒಂದು ಮಧ್ಯಾಹ್ನ ಅವರಲ್ಲೊಬ್ಬಳು ಗಂಜಿ ಕುಡಿಸಿ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದರು.

‘ನೀನೊಂದು ಸಲ ನನ್ನ ಹೆಸರು ಹಿಡಿದು ಕರಿ.’

ಬಾಯಿ ತೆರೆದೆ. ಮೂವತ್ತು ವರ್ಷದ ಅಭ್ಯಾಸ. ‘ಅಕ್ಕ’ ಎಂದೇ ಬಂತು.

ಅವರು ನಕ್ಕರು. ಹೋಗಲಿ ಬಿಡು ಎನ್ನುವಂತೆ ನನ್ನ ಕೈ ತಟ್ಟಿದರು. ಬೆರಳುಗಳ ಕಲೆ ಪೂರ್ತಿ ಹೋಗಿತ್ತು. ವಾಸನೆಯೂ ಇರಲಿಲ್ಲ.

ಓಣಂಗೆ ಮೊದಲೇ ತೀರಿಕೊಂಡರು. ಅವರ ತಮ್ಮನ ಮಗ ಬಂದು ಕ್ರಿಯೆ ಮುಗಿಸಿ, ಫೋನನ್ನೂ ಸಾಮಾನನ್ನೂ ತೆಗೆದುಕೊಂಡು, ಮನೆಗೆ ಬೀಗ ಹಾಕಿ ಹೋದ. ಆ ಫೋನಿಗೆ ಯಾರ ಕರೆ ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ನನ್ನ ಬಳಿ ಆ ಗಾರ್ಡಿನ ನಂಬರು ಇರಲಿಲ್ಲ.

ಹಬ್ಬ ಕಳೆದು ಕೆಲವು ವಾರಗಳಾಗಿರಬೇಕು. ಸಂಜೆಯ ನಡಿಗೆ ಮುಗಿಸಿ ಬರುತ್ತಿದ್ದೆ. ಗೇಟಿನಲ್ಲಿ ಬಿಳಿ ಮೀಸೆಯ ಒಬ್ಬ ವಿದೇಶಿ ಮುದುಕ, ತೋಳ ಮೇಲೆ ದಪ್ಪ ಕೋಟು ಹಾಕಿಕೊಂಡು ಬೆವರುತ್ತ ನಿಂತಿದ್ದ. ಕೈಯಲ್ಲಿ ಕಾಫಿಪುಡಿಯ ಪೊಟ್ಟಣದ ಮೇಲಿಂದ ಕತ್ತರಿಸಿದ, ಕಳಿಸಿದವರ ವಿಳಾಸದ ಚೂರು; ಮನೆಯ ನಂಬರು ಅಳಿಸಿಹೋಗಿತ್ತು. ವಾಚ್‌ಮನ್‌ಗೆ ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಬಾಡಿಗೆ ಮನೆಯಾದ್ದರಿಂದ ಕೆಳಗಿನ ಫಲಕದಲ್ಲಿದ್ದದ್ದು ಮಾಲೀಕನ ಹೆಸರು. ವಾಚ್‌ಮನ್ ತಲೆಯಾಡಿಸಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಎಂದೂ ಇರಲಿಲ್ಲ ಎನ್ನುತ್ತಿದ್ದ. ಯಾರೆಂದು ನಾನು ಹೇಳಿದಾಗ ಬೀಡಿಯನ್ನು ಕೆಳಗೆ ಹಾಕಿಬಿಟ್ಟ.

‘ನಮ್ಮುಡೆ ಚೇಚಿಯೋ?’ ಎಂದ. ಐದು ವರ್ಷ ಅವರಿಗೆ ಹಾಲಿನ ಪೊಟ್ಟಣ ತಂದುಕೊಟ್ಟವನು ಅವನು.

ವಿದೇಶಿಗೆ ನಾನೇ ಹೇಳಬೇಕಾಯಿತು. ನನ್ನ ಇಂಗ್ಲಿಷು ಬ್ಯಾಂಕಿನದು, ಇಂಥದಕ್ಕೆ ಒದಗುವುದಲ್ಲ. ಅವನು ಪೂರ್ತಿ ಕೇಳಿಸಿಕೊಂಡ, ಕೋಟನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದ, ಮನೆ ತೋರಿಸಿ ಎಂದ.

ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋದೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತ. ಅಳಲಿಲ್ಲ. ಪಕ್ಕದ ಕೋಣೆಯಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ ಅವರ ಹೆಸರನ್ನು ಒಂದು ಸಲ ಕರೆದ. ಆಮೇಲೆ, ಉತ್ತರಕ್ಕೆ ಬಿಡುವಷ್ಟು ಹೊತ್ತು, ಸುಮ್ಮನೆ ಕಾದ.

ಆ ಹೆಸರನ್ನು ಇಲ್ಲಿ ಬರೆಯಬೇಕೆಂದೇ ಕುಳಿತಿದ್ದೆ. ಈಗ ಮೊದಲಿನಿಂದ ಓದಿ ನೋಡಿದರೆ, ಎಲ್ಲ ಕಡೆಯೂ ಅವರು, ಅಕ್ಕ ಎಂದೇ ಬರೆದಿದ್ದೇನೆ.