ಕ್ಯಾತಣ್ಣನ ಗರ್ಭಕೋಶ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಹೆಂಗಸರ ನರ್ಸಿಂಗ್ ಹೋಮಿನಲ್ಲಿ ಬಿಲ್ಲು ಮಾಡುತ್ತಿದ್ದವಳು ಪವಿತ್ರ. ಹುಟ್ಟಿದ್ದು ಸಿರಾ ಕಡೆಯ ಮದಲೂರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಓದಿದ ಬಿ.ಕಾಂ. ಯಾಕೆ ಸುಮ್ಮನೆ ಕೊಳೆಯಬೇಕೆಂದು ಅತ್ತೆಯೇ ಕರೆತಂದು ಕೌಂಟರಿನಲ್ಲಿ ಕೂರಿಸಿದ್ದರು. ರಸೀದಿ ಹರಿದು ಕೊಡುವ ಕೆಲಸ ಅಂದುಕೊಂಡಿದ್ದವಳಿಗೆ ವಿಮೆಯ ಕೆಲಸ ಗಂಟುಬಿತ್ತು. ಕಾಯಿಲೆಗೊಂದು ಕೋಡು ನಂಬರು, ಮಾಡಿದ ಚಿಕಿತ್ಸೆಗೆ ಇನ್ನೊಂದು ಕೋಡು. ಎರಡೂ ಒಂದಕ್ಕೊಂದು ಹೊಂದದಿದ್ದರೆ ಕಂಪನಿಯವರು ಬಿಲ್ಲನ್ನು ವಾಪಸ್ ತಳ್ಳುತ್ತಿದ್ದರು.

ಕೋಡು ಅವಳಿಗೆ ಬೇಗ ಹಿಡಿತಕ್ಕೆ ಬಂತು. ಕಷ್ಟವಿದ್ದದ್ದು ಬಾಯಲ್ಲಿ ಹೇಳುವುದರಲ್ಲಿ. ಏನಾಗಿದೆ ಎಂದು ಕೇಳಿದರೆ ಬಂದವರು "ಕೆಳಗಡೇದು" ಅನ್ನುತ್ತಿದ್ದರು, "ಹೆಂಗಸ್ರುದು" ಅನ್ನುತ್ತಿದ್ದರು. ಒಬ್ಬಾಕೆಯಂತೂ "ಅದೇ, ನಿಂಗೂ ಇರ್ತದಲ್ಲ, ಅದು" ಅಂದಿದ್ದಳು. ಪವಿತ್ರಳೂ ಅವರಿಗಿಂತ ಧೈರ್ಯಸ್ಥೆಯಲ್ಲ. ಗಾಜಿನ ತೂತಿಗೆ ಬಾಯಿ ಹಚ್ಚಿ ಅವಳು ಪಿಸುಗುಡುವುದು, ಅದಕ್ಕೆ ಕಿವಿ ಹಚ್ಚಿ ಅವರು ಕೇಳುವುದು. ದೂರದಿಂದ ನೋಡಿದವರಿಗೆ ಇಬ್ಬರೂ ಕಳ್ಳ ಮಾಲು ಮಾರುತ್ತಿರುವಂತೆ ಕಾಣುತ್ತಿತ್ತು.

ಹೀಗಿರುವಾಗ ಐ.ಡಿ.ಹಳ್ಳಿಯಿಂದ ಕೊಲ್ಲಾಪುರಮ್ಮ ಬಂದರು. ಕುರಿ ಸಾಕುವ ಮನೆಯವರು. ಗರ್ಭಕೋಶದ ಬಾಯಲ್ಲಿ ಹುಣಿಸೆ ಬೀಜದಷ್ಟು ದುರ್ಮಾಂಸ ಬೆಳೆದಿತ್ತು. ಡಾಕ್ಟರ್ ರಾಜಲಕ್ಷ್ಮಮ್ಮ ಅದನ್ನು ಒಂದು ಕಾಫಿ ಕುಡಿಯುವಷ್ಟರಲ್ಲಿ ತೆಗೆದುಹಾಕಿದರು. ಸಂಜೆಗೆ ಮನೆಗೆ ಹೋಗಬಹುದು ಅಂದರು. ಗಂಡ ಕ್ಯಾತಣ್ಣ ದಿನವಿಡೀ ಹೊರಗಡೆ ಬೆಂಚಿನ ಮೇಲೆ ಕೂತಿದ್ದ. ಕುರಿಗಾರರ ಸಂಘದವರು ಮಾಡಿಸಿದ್ದ ವಿಮೆ ಇತ್ತು. ಪವಿತ್ರ ಕೋಡು ಹುಡುಕಿ ಸರಿಯಾಗಿಯೇ ಹಾಕಿದಳು. ಅಷ್ಟರಲ್ಲಿ ಕರೆಂಟು ಹೋಯಿತು, ಬಂತು. ಕಂಪ್ಯೂಟರು ವಿಮೆ ಕಾರ್ಡಿನಲ್ಲಿದ್ದ ಮೊದಲ ಹೆಸರನ್ನು, ಎಂದರೆ ಮನೆ ಯಜಮಾನನ ಹೆಸರನ್ನು, ರೋಗಿಯ ಜಾಗದಲ್ಲಿ ತಂದು ನಿಲ್ಲಿಸಿತು. ಪವಿತ್ರ ಗಮನಿಸದೆ ಗುಂಡಿ ಒತ್ತಿದಳು.

ಮುಂದಿನ ವಾರ ಕಂಪನಿಯಿಂದ ಮೋಹನ್ ಕುಮಾರ್ ಎಂಬ ತನಿಖೆಯವನು ಬಂದ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯಲ್ಲಿ ಗುರುತಿನ ಚೀಟಿ.

"ಮೇಡಂ, ಗಂಡಸಿನ ಗರ್ಭಕೋಶಕ್ಕೆ ಬಿಲ್ ಹಾಕಿದ್ದೀರ. ತಪ್ಪಿರಬೇಕು ಅಂತ ನಮ್ಮವರು ರೋಗಿಗೇ ಫೋನ್ ಮಾಡಿ ಕೇಳಿದ್ದಾರೆ. ಅವರು ಎಲ್ಲದಕ್ಕೂ ಹೂಂ ಅಂದಿದ್ದಾರೆ. ಕೇಳಿಸಿಕೊಳ್ಳಿ," ಎಂದು ಮೊಬೈಲ್ ಮುಂದಿಟ್ಟ.

ಒಂದು ಹುಡುಗಿಯ ದನಿ ಕೇಳಿಸಿತು: "ಕ್ಯಾತಣ್ಣ ಅವರೇ, ನೀವು ಆಸ್ಪತ್ರೆಯಲ್ಲಿ ಇದ್ರಾ?"

"ಇದ್ದೆ ಕಣಮ್ಮ, ಬೆಳಗ್ಗಿಂದ ಸಂಜೆಗಂಟ."

"ನಿಮಗೆ ಮಕ್ಕಳು?"

"ನಾಕು."

"ಹೆರಿಗೆ ಎಲ್ಲಾ ನಾರ್ಮಲ್ಲಾ?"

"ಎಲ್ಲಾ ಮನೇಲೇ ಆದ್ವು. ಒಂದಕ್ಕೂ ತ್ರಾಸಾಗ್ಲಿಲ್ಲ."

"ಸರಿ. ಹದಿನೈದು ದಿನ ಭಾರ ಎತ್ತಬೇಡಿ, ಜಾಸ್ತಿ ಓಡಾಡಬೇಡಿ."

"ಆಯ್ತು ಕಣಮ್ಮ, ನೀ ಹೇಳ್ದಂಗೇ ಆಗ್ಲಿ."

ಪವಿತ್ರಳಿಗೆ ನಗು ಉಕ್ಕಿ ಬಂತು. ಅದರ ಹಿಂದೆಯೇ ಕೆಲಸ ಹೋಗುವ ಭಯವೂ ಬಂತು. ಎರಡನ್ನೂ ನುಂಗಿಕೊಂಡು, "ಹೆಸರು ತಪ್ಪಾಗಿದೆ ಸಾರ್" ಅಂದಳು. ಮೋಹನ್ ಕುಮಾರ್ ಒಪ್ಪಲಿಲ್ಲ. ಕಣ್ಣಾರೆ ನೋಡಿ ವರದಿ ಬರೆಯಬೇಕು, ನೀವೂ ಬನ್ನಿ ಎಂದು ಕಾರು ಹತ್ತಿಸಿಕೊಂಡ.

ಐ.ಡಿ.ಹಳ್ಳಿಯಲ್ಲಿ ಕ್ಯಾತಣ್ಣ ಬೇವಿನ ಮರದ ಕೆಳಗೆ ಮಂಚದ ಮೇಲೆ ಮಲಗಿದ್ದ. ತಲೆಗೆ ಮಫ್ಲರ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡಿದ್ದ. ಪಕ್ಕದಲ್ಲಿ ರಾಗಿ ಗಂಜಿಯ ಚೊಂಬು. ಹೆಂಡತಿ ಎಲ್ಲಿ ಎಂದು ಕೇಳಿದರೆ ಕುರಿ ಹೊಡ್ಕೊಂಡು ಹೋಗವಳೆ ಅಂದ.

"ಆಪರೇಷನ್ ಆಗಿದ್ದು ಅವರಿಗಲ್ವಾ ಯಜಮಾನ್ರೇ? ನೀವ್ಯಾಕೆ ಮಲಗಿದ್ದೀರ?" ಎಂದಳು ಪವಿತ್ರ.

"ಫೋನ್ನಾಗೆ ಆಯಮ್ಮ ಹೇಳುದ್ಲು, ಓಡಾಡ್ಬ್ಯಾಡಿ ಅಂತ. ಓದ್ದೋರು ಹೇಳಿದ್ಮೇಲೆ ಯಾಕೆ ಅಂತ ಕೇಳಕ್ಕಾಯ್ತದಾ?"

ಅಷ್ಟರಲ್ಲಿ ಕೊಲ್ಲಾಪುರಮ್ಮ ಕುರಿಗಳ ಹಿಂದೆ ಬಂದರು. ಬಂದವರು ಯಾರು, ಯಾಕೆ ಎಂಬುದನ್ನೆಲ್ಲ ಕೇಳಿಸಿಕೊಂಡು ಕೋಲನ್ನು ಗೋಡೆಗೆ ಒರಗಿಸಿದರು.

"ನೋಡಮ್ಮ, ಇಂಗೈತೆ ನಮ್ಮನೆ ಕತೆ. ಆಪ್ರೇಸನ್ನು ನಂಗೆ, ಬಾಣಂತನ ಇವ್ನಿಗೆ. ಬೆಳ್ಳುಳ್ಳಿ ಸುಟ್ಕೊಡು ಅಂತಾನೆ ಕಣಮ್ಮ."

ಮೋಹನ್ ಕುಮಾರ್ ನಗಲಿಲ್ಲ. ಪೆನ್ನು ತೆಗೆದು, "ಇವರು ಗಂಡಸು ಅನ್ನೋದಕ್ಕೆ ಆಧಾರ ಬೇಕು" ಅಂದ.

"ಮೀಸೆ ಇದೆಯಲ್ಲ ಸಾರ್."

"ಮೀಸೆಗೆ ನಮ್ಮಲ್ಲಿ ಕಾಲಂ ಇಲ್ಲ ಮೇಡಂ."

ಕೊನೆಗೆ ಒಂದು ಫೋಟೊ ತೆಗೆದುಕೊಂಡ. ಕ್ಯಾತಣ್ಣ ಮಂಚದಲ್ಲೇ ಎದ್ದು ಕೂತು ಮೀಸೆ ಬಾಚಿಕೊಂಡು ಪೋಸು ಕೊಟ್ಟ.

ಅದರಿಂದ ಏನೂ ಆಗಲಿಲ್ಲ. ಸದರಿ ವ್ಯಕ್ತಿಗೆ ಗರ್ಭಕೋಶವಿಲ್ಲ ಎಂದು ವೈದ್ಯರಿಂದ ಬರೆಸಿ ಕಳಿಸಿ ಎಂದು ಕಂಪನಿಯಿಂದ ಮೇಲ್ ಬಂತು. ರಾಜಲಕ್ಷ್ಮಮ್ಮ ಬರೆದು ಸಹಿ ಹಾಕಿ ಸೀಲು ಒತ್ತಿಕೊಟ್ಟರು. ಎರಡು ದಿನ ಬಿಟ್ಟು ಉತ್ತರ ಬಂತು: ಗರ್ಭಕೋಶ ಇಲ್ಲವೆಂದ ಮೇಲೆ ಅದನ್ನು ಯಾವಾಗ, ಯಾವ ಆಸ್ಪತ್ರೆಯಲ್ಲಿ ತೆಗೆಯಲಾಯಿತು? ಹಳೆಯ ಆಪರೇಷನ್ನಿನ ಕಾಗದ ಲಗತ್ತಿಸಿ.

ರಾಜಲಕ್ಷ್ಮಮ್ಮ ಅದನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ, "ಗಂಟು ಹಾಕಿದವಳು ನೀನು, ನೀನೇ ಬಿಚ್ಚಮ್ಮ" ಎಂದು ರೋಗಿಗಳನ್ನು ನೋಡಲು ಎದ್ದು ಹೋದರು.

ಅವತ್ತು ಮಧುಗಿರಿ ಸಂತೆ. ಕೌಂಟರಿನ ಮುಂದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪವಿತ್ರ ಕಂಪನಿಗೆ ಫೋನ್ ಹಚ್ಚಿ, ಅಭ್ಯಾಸದಂತೆ ಕೈ ಅಡ್ಡವಿಟ್ಟು ಪಿಸುಗುಟ್ಟಿದಳು. "ಕೇಳಿಸ್ತಿಲ್ಲ ಮೇಡಂ," ಅಂದಿತು ಆ ಕಡೆಯ ದನಿ. ಇನ್ನೊಮ್ಮೆ ಹೇಳಿದಳು. "ಯಾರ ಗರ್ಭಕೋಶ ಅಂದ್ರಿ? ಸ್ವಲ್ಪ ಜೋರಾಗಿ."

ಪವಿತ್ರಳಿಗೆ ಅಷ್ಟು ದಿನದ ಸಿಟ್ಟು ನೆತ್ತಿಗೇರಿತು. ಎದ್ದು ನಿಂತಳು.

"ಕ್ಯಾತಣ್ಣ ಗಂಡಸು. ಅವರಿಗೆ ಗರ್ಭಕೋಶ ಇವತ್ತೂ ಇಲ್ಲ, ಹುಟ್ಟಿದಾಗಲೂ ಇರಲಿಲ್ಲ. ಅದನ್ನ ಯಾರೂ ತೆಗೆದಿಲ್ಲ. ಗರ್ಭಕೋಶ ಇರೋದು, ಅದರ ಬಾಯಲ್ಲಿ ದುರ್ಮಾಂಸ ಇದ್ದದ್ದು, ಕೊಲ್ಲಾಪುರಮ್ಮನಿಗೆ. ಕೋಡು ಸರಿ ಇದೆ. ಹೆಸರು ತಪ್ಪು ಹಾಕಿದ್ದು ನಾನು."

ಹಾಲಿನಲ್ಲಿದ್ದವರೆಲ್ಲ ಕೌಂಟರಿನ ಕಡೆ ತಿರುಗಿದರು.

"ಅಷ್ಟೇನಾ?" ಅಂದಿತು ಫೋನು. "ಹೆಸರು ಬದಲಾಯಿಸೋಕೆ ಒಂದು ನಿಮಿಷ ಸಾಕು ಮೇಡಂ. ಮೊದಲೇ ಹೇಳಬಾರದಿತ್ತಾ?"

ಪವಿತ್ರ ಬೆವರಿದ ಮುಖ ಒರೆಸಿಕೊಂಡು ಕೂರುವುದರೊಳಗೆ ಕರಿಬಸಮ್ಮ ಎಂಬ ದಪ್ಪನೆಯ ಹೆಂಗಸು ಸಾಲಿನಿಂದ ಮುಂದೆ ಬಂದು, ಹಾಲಿಗೆಲ್ಲ ಕೇಳುವ ಹಾಗೆ ಹೇಳಿದಳು: "ನಂದೂ ಗರ್ಭಕೋಶದ್ದೇ ಕಣಮ್ಮ, ಬರ್ಕೋ." ಅವಳ ಹಿಂದಿನವಳು, "ನಂದು ಬ್ಯಾರೆ, ಅಂಡಾಶಯದ್ದು" ಎಂದಳು. ಆ ಬೆಳಗ್ಗೆ ಕೌಂಟರಿನ ಕೆಲಸ ಎಂದೂ ಇಲ್ಲದಷ್ಟು ಬೇಗ ಮುಗಿಯಿತು.

ಬಿಲ್ಲು ಪಾಸಾಯಿತು. ಪವಿತ್ರಳ ಕೆಲಸವೂ ಉಳಿಯಿತು. ತಿಂಗಳ ತಪಾಸಣೆಗೆ ಕೊಲ್ಲಾಪುರಮ್ಮ ಒಬ್ಬರೇ ಬಂದಿದ್ದರು. ಎಲ್ಲ ಸರಿಹೋಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಕೌಂಟರಿನ ಮುಂದೆ ನಿಂತೇ ಇದ್ದರು.

"ಮಲಗೀ ಮಲಗೀ ಅವ್ನಿಗೆ ಸೊಂಟ ಹಿಡ್ಕಂಬುಟ್ಟೈತೆ ಕಣಮ್ಮ. ಅದ್ಕೂ ನಿನ್ ಕಂಪೂಟ್ರಾಗೆ ನಂಬ್ರು ಐತಾ?"

"ಇದೆಯಮ್ಮ. ಕರ್ಕೊಂಡು ಬನ್ನಿ."

ಕೊಲ್ಲಾಪುರಮ್ಮ ಸ್ವಲ್ಪ ಯೋಚಿಸಿದರು.

"ಬ್ಯಾಡ ಬುಡು. ಆ ಫೋನಿನ ಹುಡುಗಿ ಇನ್ನೊಂದ್ಸಲ ಮಲಗು ಅಂದ್ರೆ ನಾನ್ ಸತ್ತೋಯ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಐ.ಡಿ.ಹಳ್ಳಿ ಬಸ್ಸಿಗೆ ಹೊರಟರು.