ಮೂರನೇ ಕೂಗು

ಬಣಕಲ್ ಸುತ್ತಮುತ್ತ ಚೌಡಯ್ಯನವರನ್ನು ಎಲ್ಲರೂ ಕರೆಯುವುದು ರೈಟರ್ ಎಂದೇ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವವರಿಗೆ ಇಲ್ಲಿ ಅದೇ ಹೆಸರು. ಇಪ್ಪತ್ತಾರು ವರ್ಷ ಹಾಜರಿ ಬರೆದ ಆ ಕೈ ಒಂದು ಕಾದಂಬರಿಯನ್ನೂ ಬರೆದಿದೆ ಎಂದಾಗ ಯಾರೂ ಬೆರಗಾಗಲಿಲ್ಲ. ರೈಟರ್ ಆದವರು ಬರೆಯದೆ ಇನ್ನೇನು ಮಾಡುತ್ತಾರೆ ಎಂದು ನಕ್ಕರು, ಅಷ್ಟೆ. ಚೌಡಯ್ಯನವರಿಗೆ ಅದು ಸ್ವಲ್ಪ ಚುಚ್ಚಿತು.

ಕಾದಂಬರಿ ಲೋಕದ ಕೊನೆಯ ದಿನಗಳದ್ದು. ಭಯೋತ್ಪಾದಕರು ಒಂದೇ ಬೆಳಿಗ್ಗೆ ದೇಶದ ವಿದ್ಯುತ್ ಕೇಂದ್ರಗಳನ್ನೂ ಟವರುಗಳನ್ನೂ ಸ್ಫೋಟಿಸುತ್ತಾರೆ. ಪಟ್ಟಣಗಳು ಹೊತ್ತಿ ಉರಿಯುತ್ತವೆ, ಫೋನುಗಳು ಸಾಯುತ್ತವೆ, ಪಕ್ಕದವನೇ ಬಾಂಬಿಟ್ಟವನಿರಬಹುದೇ ಎಂದು ಜನ ಒಬ್ಬರನ್ನೊಬ್ಬರು ದಿಟ್ಟಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ಸುಟ್ಟಗಾಯದ ಹೆಂಗಸೊಬ್ಬಳು ಘಟ್ಟ ಹತ್ತಿ ಬಂದು, ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಎದುರು ನಿಂತು, ಮಲೆನಾಡಿನವರು ಗುಡ್ಡದಿಂದ ಗುಡ್ಡಕ್ಕೆ ಕರೆಯುವ ಹಾಗೆ ‘ಕೂ’ ಎಂದು ಕೂಗು ಹಾಕುತ್ತಾಳೆ. ಆ ಒಂದೇ ಕೂಗಿಗೆ ಎಲ್ಲ ಬಾಗಿಲುಗಳೂ ತೆರೆಯುತ್ತವೆ.

ಬೆಂಗಳೂರಿನ ಪ್ರಕಾಶನವೊಂದರ ಸಂಪಾದಕ ಅಶ್ವಿನ್ ಪುಸ್ತಕವನ್ನು ಮೆಚ್ಚಿದ. ಕೊನೆಯನ್ನು ಮಾತ್ರ ಒಪ್ಪಲಿಲ್ಲ.

“ಇನ್ನೂರು ಪುಟ ಹೆದರಿಸಿ ಕೊನೇಲಿ ಕಾಫಿ ಕೊಟ್ಟು ಕಳಿಸ್ತೀರಲ್ಲ ಸಾರ್,” ಎಂದ ಫೋನಿನಲ್ಲಿ. “ಯಾರು ಭಯೋತ್ಪಾದಕ ಅಂತಾನೇ ಗೊತ್ತಿಲ್ಲದಾಗ ಯಾರು ಬಾಗಿಲು ತೆಗೀತಾರೆ? ಬಾಗಿಲು ಹಾಕಿಸಿ. ಹಾಕಿಸಿದ್ರೆ ಅಚ್ಚಿಗೆ ಕೊಡ್ತೀನಿ, ಇಲ್ದಿದ್ರೆ ಕಷ್ಟ.”

ಆರು ವರ್ಷದ ಬರವಣಿಗೆ. ಪುಸ್ತಕ ಕೈ ತಪ್ಪಿಹೋಗುವುದನ್ನು ನೋಡಲು ಚೌಡಯ್ಯನವರಿಂದಾಗಲಿಲ್ಲ. ಎರಡು ಭಾನುವಾರ ಕೂತು ಲೈನಿನ ಬಾಗಿಲುಗಳನ್ನೆಲ್ಲ ಮುಚ್ಚಿಸಿದರು. ಹೆಂಗಸು ಕೂಗಿ ಕೂಗಿ ಅಂಗಳದಲ್ಲೇ ಸಾಯುತ್ತಾಳೆ. ಬರಹವೇನೋ ಚೆನ್ನಾಗಿಯೇ ಬಂತು, ಅವರಿಗೆ ಕಿರಿಕಿರಿಯಾದದ್ದೂ ಅದರಿಂದಲೇ.

ಮಳೆ ಜೋರಾದ ದಿನ ಹೆಂಗಸರು ಗೋದಾಮಿನಲ್ಲಿ ಕೂತು ಕಾಫಿ ಬೀಜದಲ್ಲಿ ಕಪ್ಪಾಗಿ ಕೆಟ್ಟದ್ದನ್ನು ಆರಿಸುತ್ತಾರೆ. ಬರೆದದ್ದನ್ನು ಅವರ ಮುಂದೆ ಓದುವುದು ಚೌಡಯ್ಯನವರ ಅಭ್ಯಾಸ. ಹೊಸ ಅಧ್ಯಾಯವನ್ನೂ ಓದಿದರು. ಮುಗಿದಾಗ ಹಿರಿಯಾಳು ಭಾಗಮ್ಮನ ಕೈ ನಿಂತಿತ್ತು.

“ರೈಟ್ರೇ, ಬಾಗ್ಲು ಹಾಕ್ಕಂಡಿದ್ದು ಯಾರ ಮನೆ?”

“ಎಲ್ಲಾರದ್ದೂ.”

“ಎಲ್ಲಾರದ್ದೂ ಅಂದ್ರೆ ಹಾಜ್ರಿ ಆಗಲ್ಲ. ಹೆಸ್ರು ಹೇಳಿ.”

ಚೌಡಯ್ಯ ಮನಸ್ಸಿನಲ್ಲೇ ಹಾಜರಿ ಪುಸ್ತಕ ತೆರೆದರು. ಕೆಂಚಯ್ಯನೇ? ಅವನು ನಡುಗಿಕೊಂಡಾದರೂ ತೆಗೆಯುವವನು. ಪುಟ್ಟಸ್ವಾಮಿಯೇ? ಬೈದುಕೊಂಡೇ ತೆಗೆಯುತ್ತಾನೆ. ಒಬ್ಬೊಬ್ಬರನ್ನೇ ಹಾಯ್ದು ಬಂದ ಅವರಿಗೆ ಕೊನೆಗೆ ಸಿಕ್ಕಿದ್ದು ಒಂದೇ ಹೆಸರು, ತಮ್ಮದೇ.

ಏಳು ವರ್ಷದ ಹಿಂದಿನ ಮಾತು. ಎಲ್ಲೋ ಬಾಂಬಿಟ್ಟವರು ತಪ್ಪಿಸಿಕೊಂಡು ತೋಟಗಳಲ್ಲಿ ಅಡಗಿದ್ದಾರೆ, ಯಾರಿಗೂ ಬಾಗಿಲು ತೆಗೆಯಬೇಡಿ ಎಂದು ಊರಿನ ಫೋನುಗಳಿಗೆಲ್ಲ ಸುದ್ದಿ ಬಂದಿತ್ತು. ಶುದ್ಧ ಸುಳ್ಳು ಸುದ್ದಿ, ಆದರೆ ಅದು ಗೊತ್ತಾದದ್ದು ವಾರದ ಮೇಲೆ. ಮರುದಿನ ಬೆಳಿಗ್ಗೆ ಆರಕ್ಕೆ, ದಟ್ಟ ಮಂಜಿನಲ್ಲಿ, ಬಾಗಿಲೆದುರಿನ ಅಂಗಳದಿಂದ ಭಾಗಮ್ಮ ಕೂಗು ಹಾಕಿದ್ದಳು. ತೋಟದ ಜೀಪಿನ ಕೀಲಿ ಇರುತ್ತಿದ್ದುದು ರೈಟರ ಹತ್ತಿರ. ದನಿ ಅವಳದೇ ಎಂದು ಚೌಡಯ್ಯನವರಿಗೆ ಗೊತ್ತಾಗಿತ್ತು. ಆದರೆ ಯಾರೋ ಹಿಂದೆ ನಿಂತು, ಬಂದೂಕು ಹಿಡಿದು ಅವಳಿಂದ ಕೂಗಿಸುತ್ತಿದ್ದರೆ? ಚಿಲಕ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದರು. ಎರಡನೇ ಕೂಗಿಗೂ ಕೈ ಏಳಲಿಲ್ಲ. ಮೂರನೆಯದಕ್ಕೆ ಬಾಗಿಲು ತೆಗೆದರು. ಭಾಗಮ್ಮನ ಮಗಳು ಭವ್ಯಾಳಿಗೆ ಹೆರಿಗೆ ನೋವು ಶುರುವಾಗಿತ್ತು.

ಆ ಎರಡು ಕೂಗು ಅಂದಿನಿಂದ ಎದೆಯಲ್ಲೇ ಕೂತಿದ್ದವು. ಅದನ್ನು ಮುಚ್ಚಿಹಾಕಲೆಂದೇ ಮೊದಲು ಬರೆದ ಅಧ್ಯಾಯದಲ್ಲಿ ಒಂದೇ ಕೂಗಿಗೆ ಎಲ್ಲರ ಬಾಗಿಲನ್ನೂ ತೆರೆಸಿದ್ದರು. ಅದೂ ಸುಳ್ಳೇ ಎಂಬುದು ಈಗ ಹೊಳೆಯಿತು.

“ನನ್ನ ಮನೆ, ಭಾಗಮ್ಮ,” ಎಂದರು. “ಅವತ್ತು ನಿಮ್ಮ ಮೊದಲ್ನೇ ಕೂಗೇ ಕೇಳಿತ್ತು. ಹೆದ್ರಿ ನಿಂತಿದ್ದೆ.”

ಭಾಗಮ್ಮ ಮತ್ತೆ ಬೀಜ ಆರಿಸತೊಡಗಿದಳು.

“ಅದು ನಂಗೊತ್ತಿಲ್ವಾ? ಬಾಗ್ಲು ಸಂದೀಲಿ ದೀಪದ ಬೆಳಕಿಗೆ ನಿಮ್ಮ ಕಾಲು ಕಾಣ್ತಿತ್ತು. ನಂಗೇನು ಹೆದ್ರಿಕೆ ಇರ್ಲಿಲ್ವಾ ಆ ಮಂಜಲ್ಲಿ? ದೆವ್ವ ಕೂಗದು ಎರಡೇ ಸಲ. ಮೂರ್ನೇದು ಮನುಷ್ಯರದ್ದು. ಅದಕ್ಕೇ ನಾವ್ ಮೂರು ಸಲ ಕೂಗದು, ಕೇಳೋರಿಗೆ ಧೈರ್ಯ ಬರ್ಲಿ ಅಂತ. ನೀವು ಬಂದ್ರಲ್ಲ. ಅದನ್ನ ಬರೀರಿ.”

ಚೌಡಯ್ಯ ಕೊನೆಯ ಅಧ್ಯಾಯವನ್ನು ಮೂರನೇ ಸಲ ಬರೆದರು. ಮೊದಲ ಕೂಗಿಗೆ ದೀಪಗಳು ಆರಿದವು. ಎರಡನೆಯದಕ್ಕೆ ತಾಯಂದಿರು ಮಕ್ಕಳ ಬಾಯಿ ಮುಚ್ಚಿದರು. ಭಯವನ್ನು ಅವರು ಅಷ್ಟು ನಿಜವಾಗಿ ಹಿಂದೆಂದೂ ಬರೆದಿರಲಿಲ್ಲ. ಮೂರನೇ ಕೂಗಿಗೆ ಒಂದು ಚಿಲಕ ಸರಿಯಿತು, ಆಮೇಲೆ ಇನ್ನೊಂದು.

ಕಳಿಸಿ ಎಂಟು ದಿನಕ್ಕೆ ಅಶ್ವಿನ್ ಫೋನು ಮಾಡಿದ. “ಬರವಣಿಗೆ ಅದ್ಭುತವಾಗಿದೆ ಸಾರ್. ಆದ್ರೆ ಕೊನೆಗೂ ಬಾಗಿಲು ತೆಗೆಸಿಬಿಟ್ರಿ. ಓದುಗರು ನಂಬಲ್ಲ.”

“ನಂಬದಿದ್ರೆ ಪುಸ್ತಕ ವಾಪಸ್ ಕಳಿಸಿ. ಬಾಗಿಲು ಮಾತ್ರ ಇನ್ನು ಹಾಕಲ್ಲ,” ಎಂದರು ಚೌಡಯ್ಯ. ತೋಟದ ಯಜಮಾನರ ಎದುರೂ ಎತ್ತದ ದನಿ ಅದು. ಎತ್ತಿದ್ದಕ್ಕೆ ಅವರಿಗೆ ತಮ್ಮ ಮೇಲೆ ಹೆಮ್ಮೆಯೇ ಅನಿಸಿತು. ಆಮೇಲೆ ಮಂಜಿನ ಬೆಳಿಗ್ಗೆಯ ಕಥೆಯನ್ನು, ತಾವು ಹೆದರಿ ನಿಂತದ್ದನ್ನೂ ಬಿಡದೆ, ಹೇಳಿದರು. “ಅವತ್ತು ನಮ್ಮ ಜೀಪಲ್ಲಿ, ಮೂಡಿಗೆರೆ ಆಸ್ಪತ್ರೆ ದಾರೀಲಿ ಹುಟ್ಟಿದ ಹುಡುಗಿ ಹೆಸರು ರಕ್ಷಾ. ಈಗ ಎರಡನೇ ಕ್ಲಾಸು. ನಂಬದಿದ್ದೋರು ಬಂದು ಅವಳನ್ನ ಮಾತಾಡಿಸ್ಲಿ.”

ಆಚೆ ಕಡೆ ಕೊನೆಯ ಪುಟಗಳನ್ನು ಮತ್ತೆ ಮಗುಚುವ ಸದ್ದು ಕೇಳಿತು. “ಹೀಗೇ ಅಚ್ಚು ಹಾಕೋಣ ಸಾರ್,” ಎಂದ ಅಶ್ವಿನ್.

ಚೌಡಯ್ಯ ಸೀದಾ ಗೋದಾಮಿಗೆ ನಡೆದರು. ಬೀಜ ಆರಿಸುತ್ತಿದ್ದ ಎಲ್ಲರಿಗೂ ಕೇಳುವಂತೆ, “ಭಾಗಮ್ಮ, ನಿಮ್ಮ ಕೂಗು ಅಚ್ಚಾಗ್ತಿದೆ,” ಎಂದರು.