ಯಾರೂ ಮುಟ್ಟದೆ ಆಫ್ ಆದ ಲೈನು

ಕಂಬ ನೆಡುವ ಕೂಲಿಯಾಗಿ ಶುರು ಮಾಡಿದವನು ನಾನು. ಇವತ್ತು ಚಳ್ಳಕೆರೆ, ಮೊಳಕಾಲ್ಮುರು ಕಡೆ ಕರೆಂಟಿನ ಲೈನ್ ಕೆಲಸಕ್ಕೆ ಆಳು ಒದಗಿಸುವ ಗುತ್ತಿಗೆದಾರ. ನಮ್ಮ ಆಳುಗಳದ್ದೊಂದು ರೂಢಿಯಿದೆ. ಸಬ್‌ಸ್ಟೇಷನ್ನಿನಿಂದ ಫೋನಿನಲ್ಲಿ ‘ಲೈನ್ ಆಫ್ ಆಗೈತೆ, ಹತ್ರಪ್ಪಾ’ ಎಂಬ ಪರಿಚಯದ ದನಿ ಕೇಳದೆ ಯಾರೂ ಕಂಬ ಹತ್ತುವುದಿಲ್ಲ. ರಾಂಪುರದ ಕಡೆ ಆ ದನಿ ನನ್ನ ಅಕ್ಕನ ಗಂಡನದು. ಭಾವನೂ ಅಲ್ಲಿ ಪಾಳಿಯ ಮೇಲೆ ಸ್ವಿಚ್ ನೋಡಿಕೊಳ್ಳುವ ಗುತ್ತಿಗೆ ನೌಕರನೇ.

ಹೋದ ವರ್ಷ ಆ ಸ್ಟೇಷನ್ನನ್ನು ದೂರದ ಕಂಟ್ರೋಲ್ ರೂಮಿನಿಂದಲೇ ನಡೆಸುವುದೆಂದಾಯಿತು. ಪಾಳಿಯವರು ಇನ್ನು ಬೇಡ.

“ನಿಮ್ ಭಾವನ ಕೆಲ್ಸ ಉಳ್ಸೋ” ಎಂದು ಅಕ್ಕ ಫೋನಿನಲ್ಲೇ ಅತ್ತಳು. ಚೌಕಾಸಿಯಿಂದಲೇ ಮೇಲೆ ಬಂದವನು ನಾನು, ‘ಮಿಷನ್ ಕೈಕೊಟ್ಟರೆ ಯಾರು ಗತಿ?’ ಎಂಬ ಮಾತನ್ನು ದಾರಿಯುದ್ದಕ್ಕೂ ಮಸೆದುಕೊಂಡು ಸ್ಟೇಷನ್ನಿಗೆ ಹೋದೆ.

ಅವತ್ತೇ ನಮ್ಮವರು ಸ್ಟೇಷನ್ನಿಗೆ ಸಮೀಪದಲ್ಲಿ ತಂತಿ ಬದಲಿಸಬೇಕಿತ್ತು. ಹೊಸ ಏರ್ಪಾಟು ನೋಡಿಕೊಳ್ಳಲು ಬಂದಿದ್ದ ಇಂಜಿನಿಯರ್ ಮೇಡಂ ಕೈಕಟ್ಟಿ ನಿಂತು, “ಸುಮ್ನೆ ನೋಡ್ತಿರಿ” ಎಂದರು. ಭಾವನ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಅರ್ಧ ಎದ್ದಿತ್ತು. ಅಷ್ಟರಲ್ಲಿ ಧಡ್ ಎಂದಿತು ಲೈನ್ ಕಡಿಯುವ ಬ್ರೇಕರ್. ಕೆಂಪು ದೀಪ ಆರಿ ಹಸಿರು ಹೊತ್ತಿಕೊಂಡಿತು, ಲೈನ್ ಆಫ್. ಎಲ್ಲೋ ಕೂತವರು ಇಲ್ಲಿಯ ಕಬ್ಬಿಣವನ್ನು ಅಲುಗಿಸಿದ್ದರು!

“ಲೇ, ಇಷ್ಟು ವರ್ಷ ನಾನೇ ನಡೆಸ್ತಿದೀನಿ ಅನ್ಕೊಂಡಿದ್ನಲ್ಲೋ” ಎಂದ ಭಾವ. “ನನ್ನ ಒಂದು ಮಾತೂ ಕೇಳ್ಲಿಲ್ಲ ನೋಡು!”

ಸೋಲುವ ಮಾತನ್ನು ಆಡುವ ಮೊದಲೇ ನುಂಗಿಬಿಡಬೇಕು. ವ್ಯಾಪಾರಕ್ಕಿಳಿಯುವವರಿಗೆ ಇದು ನನ್ನ ಮೊದಲ ಸಲಹೆ. ನುಂಗಿದೆ. ಆಗ ಕಂಬದ ಬುಡದಿಂದ ನಮ್ಮ ಆಳಿನ ಫೋನು ಬಂತು.

“ಅಣ್ಣಾ, ಕಂಟ್ರೋಲ್ ರೂಮಂತೆ, ಯಾವುದೋ ಹುಡುಗಿ ಫೋನ್ ಮಾಡಿ ಲೈನ್ ಆಫ್ ಐತೆ ಅಂತಾಳೆ. ಯಾರ ಮನೆಯಾಕೆ ಅಂತ ನಂಬಾದು? ನಾವ್ ಹತ್ತಲ್ಲ.”

ಮೂವರೂ ಅಲ್ಲಿಗೆ ಹೋದೆವು. ಭಾವ ತಾನೇ ಲೈನ್ ಪರೀಕ್ಷಿಸಿ, ಕರೆಂಟು ಬಂದರೂ ನೆಲಕ್ಕಿಳಿಯಲೆಂದು ತಂತಿಗೆ ಅರ್ತಿಂಗ್ ರಾಡಿನ ಕೊಕ್ಕೆ ಹಾಕಿ, “ಹತ್ರಪ್ಪಾ” ಎಂದ. ಹತ್ತಿದರು.

“ಮೇಡಂ, ಸ್ವಿಚ್ಚಿನ ಹತ್ರ ಆಳು ಬೇಡ, ಒಪ್ಕೊಂಡೆ. ಕಂಬದ ಕೆಳಗೆ?” ಎಂದು ಕೇಳಿದೆ.

ಮೇಡಂ ಕಂಬದ ಮೇಲಿದ್ದವರನ್ನು ನೋಡಿದರು. “ಸೇಫ್ಟಿ ತಂಡಕ್ಕೆ ಒಬ್ಬರು ಬೇಕು. ತರಬೇತಿಗೆ ಬರ್ತಾರಾ?”

“ಈ ವಯಸ್ಸಿಗೆ ಮತ್ತೆ ಸ್ಕೂಲಾ?” ಎಂದ ಭಾವನ ಕಾಲು ತುಳಿದೆ. “ಬರ್ತಾರೆ ಮೇಡಂ.”

ಅವನ ಜೊತೆ ಪಾಳಿ ಮಾಡುತ್ತಿದ್ದವರಿಗೆ ಅಂಥ ಜಾಗ ಸಿಗಲಿಲ್ಲ. ಒಬ್ಬ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ಕಾವಲಿಗೆ ಹೋದ. ಭಾವ ಈಗ ತಂಡದ ಜೀಪಿನಲ್ಲಿ ಊರೂರು ತಿರುಗುತ್ತಾನೆ. ನಾವಿಬ್ಬರೂ ಜೊತೆಯಾಗಿ ಆ ಸ್ಟೇಷನ್ ಮುಂದೆ ಹಾದಾಗೆಲ್ಲ ಗಾಡಿ ನಿಲ್ಲಿಸುತ್ತೇವೆ. ಬೀಗ ಹಾಕಿದ ಕೋಣೆಯೊಳಗೆ ಒಮ್ಮೊಮ್ಮೆ ಧಡ್ ಎನ್ನುತ್ತದೆ. ಭಾವನ ಕೈ ಈಗಲೂ ಅರ್ಧ ಏಳುತ್ತದೆ.